ತ್ಯಾಗವಲ್ಲ, ಬೇರೆಯೇ ಕಷ್ಟ

ಆಫ್ರಿಕಾಕ್ಕೆ ಸ್ವಯಂಸೇವಕರಾಗಿ ಹೋಗುವುದು ದೊಡ್ಡ ತ್ಯಾಗ ಎಂದು ಒಂದು ಲೇಖನದಲ್ಲಿ ಓದಿದೆ. ತ್ಯಾಗ ಗೀಗ ಏನಿಲ್ಲ ಸ್ವಾಮಿ. ಟಾಂಜಾನಿಯಾದ ಇರಿಂಗಾ ಕಡೆಯ ಹಳ್ಳಿ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದೆ. ಮನೆ ಕೊಟ್ಟಿದ್ದರು, ಊಟಕ್ಕಾಗುವಷ್ಟು ಭತ್ಯೆಯೂ ಬರುತ್ತಿತ್ತು.

ಕಷ್ಟ ಇದ್ದದ್ದು ತರಗತಿಯಲ್ಲಿ. ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿ, ಪ್ರೌಢಶಾಲೆಗೆ ಕಾಲಿಟ್ಟ ದಿನದಿಂದ ಎಲ್ಲ ಇಂಗ್ಲಿಷ್. ಫಾರ್ಮ್ ಒನ್, ಅಂದರೆ ಪ್ರೌಢಶಾಲೆಯ ಮೊದಲ ವರ್ಷದ ಮಕ್ಕಳಿಗೆ ಲೆಕ್ಕ ಬರುತ್ತಿತ್ತು, ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್‌ಗೆ ಸೇರಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ನನ್ನ ಸ್ವಾಹಿಲಿ ಸುಧಾರಿಸುವ ಹೊತ್ತಿಗೆ ವರ್ಷವೇ ಮುಗಿದಿತ್ತು.

ಇನ್ನೊಂದು, ಭಾರತದವನು ಅಂದ ಕೂಡಲೇ ‘ನಿನ್ನ ಅಂಗಡಿ ಎಲ್ಲಿ?’ ಅನ್ನುತ್ತಿದ್ದರು. ಗುಜರಾತಿ ವ್ಯಾಪಾರಿಗಳು ತಲೆಮಾರುಗಳಿಂದ ಅಲ್ಲಿದ್ದಾರಲ್ಲ, ಹಾಗಾಗಿ ‘ಮುಹಿಂದಿ’ (ಸ್ವಾಹಿಲಿಯಲ್ಲಿ ಭಾರತೀಯ) ಅಂದರೆ ದುಡ್ಡಿನವನು ಎಂಬ ಲೆಕ್ಕ. ಸಂತೆಯಲ್ಲಿ ಟೊಮೇಟೊಗೆ ನನಗೇ ಬೇರೆ ರೇಟು! ಸಂಜೆ ಏಳರ ಸುಮಾರಿಗೆಲ್ಲ ಕತ್ತಲು, ಕರೆಂಟ್ ಇಲ್ಲ. ಆಗ ಮಾತ್ರ ಊರು ನೆನಪಾಗುತ್ತಿತ್ತು.

ಊಟದ ಚಿಂತೆ ಇರಲಿಲ್ಲ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆ, ಜೊತೆಗೆ ಸೊಪ್ಪು. ಅವರು ತುತ್ತಿಗೆ ಹೆಬ್ಬೆರಳಲ್ಲಿ ಗುಳಿ ಮಾಡಿ, ಸೊಪ್ಪು ತುಂಬಿಕೊಂಡು ಅಗಿದು ತಿನ್ನುತ್ತಾರೆ. ನಾನು ನಮ್ಮ ಮಂಡ್ಯದ ರೀತಿ ಗುಳುಂ ಅನ್ನಿಸಿದ್ದು ನೋಡಿ ಪಕ್ಕದ ಮನೆ ಅಜ್ಜಿ ಗಾಬರಿಯಾಗಿ ನೀರು ಹಿಡಿದು ಓಡಿಬಂದಿತ್ತು.

ಹೋಗುವ ಮನಸ್ಸಿದ್ದವರು ಇಲ್ಲಿಂದಲೇ ಸ್ವಾಹಿಲಿ ಕಲಿತು ಹೋಗಿ. ಹಿರಿಯರು ಎದುರಾದರೆ ಮೊದಲು ‘ಶಿಕಮೋ’ ಅನ್ನಬೇಕು, ಅವರು ‘ಮರಹಬಾ’ ಅಂದ ಮೇಲೆಯೇ ಉಳಿದ ಮಾತು.