ಚಾಂಪಿಯನ್ ಪಕ್ಕ ಹೊಸಬರು ನಿಲ್ಲಲಿ

ಆರ್ಚರಿ ಕ್ಲಬ್‌ಗಳ ವಾರ್ಷಿಕ ದಿನದ ಬಗ್ಗೆ ನನ್ನದೊಂದು ತಕರಾರಿದೆ. ಆಮಂತ್ರಣದಲ್ಲಿ ‘ಸ್ಪರ್ಧೆ ಮತ್ತು ಸ್ನೇಹಕೂಟ’ ಅಂತ ಬರೆದಿರುತ್ತಾರೆ. ನಡೆಯುವುದು ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಾರ್ಯಕ್ರಮ. ಬೆಳಿಗ್ಗೆ ಬಿಗಿ ಮುಖದ ಸ್ಪರ್ಧೆ. ಜಾಸ್ತಿ ಅಂಕ ತೆಗೆಯುವವರೆಲ್ಲ ಮೈದಾನದ ಒಂದು ತುದಿಗೆ, ಹೊಸಬರೆಲ್ಲ ಇನ್ನೊಂದು ತುದಿಗೆ. ಮಧ್ಯಾಹ್ನ ಬಲೂನ್ ಒಡೆಯುವ ಆಟ. ಅಷ್ಟು ಹೊತ್ತಿಗೆ ಪದಕ ಗೆದ್ದವರಲ್ಲಿ ಸುಮಾರು ಜನ ಬಿಲ್ಲು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಹೊರಟಾಗಿರುತ್ತದೆ. ಇನ್ನೆಲ್ಲಿಯ ಸ್ನೇಹಕೂಟ?

ನನ್ನ ಸಲಹೆ ಸರಳ. ಆ ಒಂದು ದಿನ ಟಾರ್ಗೆಟ್‌ಗಳನ್ನು ಚೀಟಿ ಎತ್ತಿ ಹಂಚಿ. ಹತ್ತು ವರ್ಷದ ಅನುಭವ ಇರುವವರು, ಮೊನ್ನೆ ಮೊನ್ನೆ ಸೇರಿದವರು, ಶಾಲೆಗೆ ಹೋಗುವ ಹುಡುಗಿ, ನಿವೃತ್ತರಾದ ಅಜ್ಜ, ಈ ನಾಲ್ವರೂ ಒಂದೇ ಟಾರ್ಗೆಟ್‌ಗೆ ಬರಲಿ.

ಯಾಕೆ ಅಂದರೆ, ಈ ಆಟದ ಒಳಗೇ ಮಾತುಕತೆಗೆ ಜಾಗ ಇದೆ. ಎಲ್ಲರೂ ಬಾಣ ಬಿಟ್ಟು ಮುಗಿಸುವ ತನಕ ಯಾರೂ ಗೆರೆ ದಾಟಿ ಮುಂದೆ ಹೋಗುವಂತಿಲ್ಲ. ಮೂರು ಸಲ ಸೀಟಿ ಊದಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಡಬೇಕು. ಒಲಿಂಪಿಕ್ಸ್‌ನಲ್ಲಿರುವ 70 ಮೀಟರ್ ದೂರವನ್ನೇ ತೆಗೆದುಕೊಳ್ಳಿ. 72 ಬಾಣದ ಸುತ್ತನ್ನು ಆರಾರು ಬಾಣದಂತೆ ಆಡಿದರೆ 12 ಸಲ ಹೋಗಿ ಬರಬೇಕು. ಲೆಕ್ಕ ಹಾಕಿದರೆ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ನಡಿಗೆ! ಪಕ್ಕದಲ್ಲಿ ಯಾರಿದ್ದಾರೋ ಅವರ ಜೊತೆ ಮಾತಾಡದೆ ಅಷ್ಟು ದೂರ ಹೇಗೆ ನಡೆಯುತ್ತೀರಿ? ಪ್ರತಿಸ್ಪರ್ಧಿಗಳು ಹೀಗೆ ಜೊತೆಯಾಗಿ ನಡೆಯಲೇಬೇಕಾದ ಆಟಗಳು ಎಷ್ಟಿವೆ ಹೇಳಿ.

ಇನ್ನು ಟಾರ್ಗೆಟ್ ಹತ್ತಿರ ಹೋದ ಮೇಲೆ ನಡೆಯುವುದು ಇದಕ್ಕಿಂತ ಚೆಂದ. ಅಂಕ ಬರೆದು ಮುಗಿಯುವ ತನಕ ಬಾಣವನ್ನಾಗಲಿ ಟಾರ್ಗೆಟ್‌ನ ಕಾಗದವನ್ನಾಗಲಿ ಯಾರೂ ಮುಟ್ಟಬಾರದು. ಬಾಣ ಎರಡು ಬಣ್ಣದ ನಡುವಿನ ಗೆರೆಯನ್ನು ಮುಟ್ಟಿದ್ದರೂ ಸಾಕು, ಹೆಚ್ಚಿನ ಅಂಕವೇ ಸಿಗುತ್ತದೆ. ಹಾಗಾಗಿ ಕೂದಲೆಳೆಯಷ್ಟು ಅಲುಗಾಡಿದರೂ ಜಗಳ. ಬಾಣ ಬಿಟ್ಟವರು ತಮ್ಮ ಅಂಕವನ್ನು ದೊಡ್ಡದರಿಂದ ಚಿಕ್ಕದಕ್ಕೆ ಗಟ್ಟಿಯಾಗಿ ಹೇಳುತ್ತಾರೆ: ಒಂಬತ್ತು, ಎಂಟು, ಎಂಟು, ಆರು... ಉಳಿದವರು ಬಗ್ಗಿ ನೋಡಿ ಹೂಂ ಅನ್ನುತ್ತಾರೆ. ನಿಮ್ಮ ಅಂಕಕ್ಕೆ ನಿಮ್ಮ ಎದುರಾಳಿಯೇ ಸಾಕ್ಷಿ.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಒಬ್ಬ ಹುಡುಗನ ಆರೂ ಬಾಣ ಎಡಗಡೆ ನೀಲಿ ಬಣ್ಣದಲ್ಲಿ ಗುಂಪಾಗಿ ಚುಚ್ಚಿಕೊಂಡಿವೆ ಅಂದುಕೊಳ್ಳಿ. ಐದು, ಆರು ಅಂಕ ನೋಡಿ ಅವನ ಮುಖ ಸಪ್ಪಗಾಗಿರುತ್ತದೆ. ಅನುಭವಿಗಳಿಗೆ ಕಾಣುವುದು ಬೇರೆ. ಆರು ಬಾಣ ಒಂದೇ ಕಡೆ ಬಿದ್ದಿವೆ ಅಂದರೆ ಅವನ ಕೈ ಚೆನ್ನಾಗಿಯೇ ಇದೆ. ಸೈಟ್, ಅಂದರೆ ಗುರಿ ನೋಡಲು ಬಿಲ್ಲಿಗೆ ಹಾಕಿರುವ ಸಾಧನ, ಮಾತ್ರ ಸರಿಯಾಗಿ ಕೂತಿಲ್ಲ. ‘ಸೈಟನ್ನು ಎಡಕ್ಕೆ ಸ್ವಲ್ಪ ತಳ್ಳಪ್ಪ’ ಅನ್ನುತ್ತಾರೆ. ಬಾಣ ಯಾವ ಕಡೆ ಹೋಗುತ್ತಿದೆಯೋ ಸೈಟನ್ನೂ ಅದೇ ಕಡೆ ಸರಿಸಬೇಕು. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ಕೆಲಸ ಮಾಡುತ್ತದೆ. ಈ ಒಂದು ಮಾತು ಬಲ್ಲವರ ಬಾಯಿಂದ ಬರಬೇಕಾದರೆ ಬಲ್ಲವರು ಅದೇ ಟಾರ್ಗೆಟ್ ಮುಂದೆ ನಿಂತಿರಬೇಕು, ಅಲ್ವಾ? ಹೊಸಬರೇ ನಾಲ್ಕು ಜನ ಸೇರಿದರೆ ನಾಲ್ವರೂ ಸೇರಿ ಬೇಜಾರು ಮಾಡಿಕೊಳ್ಳುತ್ತಾರೆ, ಅಷ್ಟೇ.

‘70 ಮೀಟರ್ ಹೊಡೆಯುವವರನ್ನೂ ಹೊಸಬರನ್ನೂ ಒಂದೇ ಸಾಲಲ್ಲಿ ಹೇಗೆ ನಿಲ್ಲಿಸುವುದು?’ ಅಂತ ಕೇಳುತ್ತಾರೆ. ದೂರ ಒಂದೇ ಇಡಿ, ಗುರಿಯ ಅಳತೆ ಬದಲಿಸಿ. ಎಲ್ಲರಿಗೂ ಒಳಾಂಗಣ ಸ್ಪರ್ಧೆಯ 18 ಮೀಟರ್ ಸಾಕು. ಪಳಗಿದವರಿಗೆ 40 ಸೆಂಟಿಮೀಟರ್ ಕಾಗದ, ಹೊಸಬರಿಗೆ 60ರದ್ದು. ಮೊದಲನೆಯದರಲ್ಲಿ ಹತ್ತು ಅಂಕದ ವೃತ್ತ 4 ಸೆಂಟಿಮೀಟರ್, ಎರಡನೆಯದರಲ್ಲಿ 6. ಎರಡನ್ನೂ ಒಂದೇ ಬೋರ್ಡಿಗೆ ಅಂಟಿಸಬಹುದು. 18 ಮೀಟರ್ ಮಕ್ಕಳಾಟ ಅನ್ನುವವರು 4 ಸೆಂಟಿಮೀಟರ್ ವೃತ್ತಕ್ಕೆ ಬೆನ್ನು ಬೆನ್ನಿಗೆ ಬಾಣ ಹೊಡೆದು ತೋರಿಸಲಿ.

ಬಹುಮಾನದ ವಿಷಯದಲ್ಲೂ ಸ್ವಲ್ಪ ತಲೆ ಓಡಿಸಬಹುದು. ವರ್ಷವಿಡೀ ಗೆಲ್ಲುವವರೇ ಅಂದೂ ಗೆದ್ದರೆ ನೋಡುವುದಕ್ಕೇನಿದೆ? ಪ್ರತಿಯೊಬ್ಬರ ಹಿಂದಿನ ಸರಾಸರಿಗೆ ತಕ್ಕ ಹಾಗೆ ರಿಯಾಯಿತಿ ಅಂಕ ಕೊಡುವ ಪದ್ಧತಿ ಎಷ್ಟೋ ಕ್ಲಬ್‌ಗಳಲ್ಲಿದೆ. ಅದನ್ನು ಎಲ್ಲರೂ ಬಳಸಲಿ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಸ್ಕಾರ್ಟನ್ ಬೆಳ್ಳಿ ಬಾಣ ಅನ್ನುವ ಸ್ಪರ್ಧೆ ಇದೆ. ಶುರುವಾಗಿದ್ದು 1673ರಲ್ಲಿ. ಅಲ್ಲಿ ಒಟ್ಟು ಅಂಕಕ್ಕೆ ಆ ಬಾಣ ಸಿಗುವುದಿಲ್ಲ. ನಡುವಿನ ಚಿಕ್ಕ ಕಪ್ಪು ಚುಕ್ಕೆಗೆ ಯಾರು ಮೊದಲು ಹೊಡೆಯುತ್ತಾರೋ ಅವರೇ ಕ್ಯಾಪ್ಟನ್. ಕ್ಯಾಪ್ಟನ್ ಆದವರು ಮುಂದಿನ ವರ್ಷದ ಸ್ಪರ್ಧೆಯನ್ನು ನಡೆಸಿಕೊಡಬೇಕು! ಹೊರಗಿನ ಬಿಳಿ ವೃತ್ತಕ್ಕೆ ದಿನದ ಕೊನೆಯ ಬಾಣ ಹೊಡೆದವರಿಗೂ ಕೊಂಬಿನಿಂದ ಮಾಡಿದ ಒಂದು ಚಮಚ ಸಿಗುತ್ತದೆ. ಗೆದ್ದವರಿಗೆ ಕೆಲಸ, ಎಡವಿದವರಿಗೆ ಚಮಚ. ಯಾರಿಗೆ ಹೊಳೆಯಿತೋ, ಅವರಿಗೆ ಕ್ಲಬ್ ನಡೆಸುವುದು ಗೊತ್ತಿತ್ತು.

ಬೇರೆ ಬೇರೆ ಜನ ಒಂದೇ ಗೆರೆಯ ಮೇಲೆ ನಿಲ್ಲುವುದು ಆರ್ಚರಿಗೆ ಹೊಸದೇನಲ್ಲ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗಾಲಿಕುರ್ಚಿಯಲ್ಲಿದ್ದ 16 ಜನ ಬಿಲ್ಲು ಹಿಡಿದು ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್‌ನ ಮೂಲ ಅದೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ ಗಾಲಿಕುರ್ಚಿಯಲ್ಲೇ ಕೂತು ಉಳಿದವರ ಜೊತೆ ಆಡಿದರು. ಒಲಿಂಪಿಕ್ಸ್‌ಗೇ ಆಗಿದ್ದು ನಮ್ಮ ಕ್ಲಬ್‌ಗಳಿಗೆ ಆಗುವುದಿಲ್ಲವಾ?

ಮನೆಯವರು ಬಿಲ್ಲು ಹಿಡಿದು ನೋಡುವ ಮಧ್ಯಾಹ್ನದ ಹೊತ್ತು ಹೇಗೂ ಇರಲಿ. ಅದಕ್ಕೆ ಹಗುರ ಬಿಲ್ಲು, ಹತ್ತಿರದ ಟಾರ್ಗೆಟ್, ಪ್ರತಿಯೊಬ್ಬರ ಪಕ್ಕ ತಿಳಿದವರೊಬ್ಬರು ಬೇಕು. ಮುಖ್ಯವಾಗಿ, ಬಾಣ ಹೂಡದೆ ಸುಮ್ನೆ ಹೆದೆ ಎಳೆದು ಬಿಡಲು ಯಾರನ್ನೂ ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್ ಬಂದು ಬಿಲ್ಲು ಸೀಳಿಹೋಗಬಹುದು. ಬಿಲ್ಲು ಕೊಟ್ಟವರ ಮುಖ ಆಗ ನೋಡಬಾರದು.

ಕಾಂಪೌಂಡ್ ಬಿಲ್ಲಿನವರನ್ನು, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲು ಹಿಡಿಯುವವರನ್ನು, ಏನು ಮಾಡುವುದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಒಳಾಂಗಣದ ನಿಯಮದಲ್ಲಿ ಅವರಿಗೆ ಹತ್ತು ಅಂಕ ಸಿಗುವುದು ಎಲ್ಲಕ್ಕಿಂತ ಒಳಗಿನ ಪುಟ್ಟ ವೃತ್ತಕ್ಕೆ ಮಾತ್ರ. ಅದನ್ನೇ ಇಲ್ಲೂ ಇಡಿ. ಅವರ ಹೆಸರೂ ಅದೇ ಚೀಟಿಗಳ ಜೊತೆ ಡಬ್ಬಿಗೆ ಬೀಳಲಿ. ಬೇಡ ಅನ್ನುವವರು ಕಾರಣ ಕಾಮೆಂಟ್‌ನಲ್ಲಿ ಬರೆಯಿರಿ. ‘ಮೊದಲಿನಿಂದ ಹೀಗೇ ನಡೆದುಬಂದಿದೆ’ ಅನ್ನುವುದೊಂದು ಬಿಟ್ಟು.