ಪಾರ್ಕು ಉಳಿಯಿತು, ಲೈನ್ ಮನೆಯವರು?

ಊರಿಂದ ಯಾರೇ ಕ್ವಾಲಾಲಂಪುರಕ್ಕೆ ಬಂದರೂ ಮೊದಲು ಕೇಳುವುದು ಪೆಟ್ರೋನಾಸ್ ಅವಳಿ ಗೋಪುರ, ಆಮೇಲೆ ಬಾತು ಗುಹೆಯ ಮುರುಗ. ಎರಡನ್ನೂ ತೋರಿಸಿ, ಮೂರನೆಯದಾಗಿ ನಾನು ಒಂದು ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಬಂದವರ ಮುಖ ಸಣ್ಣದಾಗುತ್ತದೆ. "ಇದೆಂಥದು ಮಾರಾಯ, ಇದಕ್ಕಿಂತ ಕಬ್ಬನ್ ಪಾರ್ಕ್ ದೊಡ್ಡದುಂಟು" ಅಂತ ನಮ್ಮ ಭಾವನೇ ಹೇಳಿದ್ದಾರೆ. ದೊಡ್ಡದು, ಒಪ್ಪಿದೆ. ಆದರೆ ಈ ಪಾರ್ಕಿಗೊಂದು ಕೋರ್ಟ್ ಕೇಸಿನ ಕಥೆ ಇದೆ, ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಹೆಸರು ತಾಮನ್ ರಿಂಬಾ ಕಿಯಾರಾ. ತಾಮನ್ ತುನ್ ಡಾಕ್ಟರ್ ಇಸ್ಮಾಯಿಲ್ ಬಡಾವಣೆಯಲ್ಲಿದೆ. ಅಷ್ಟುದ್ದ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಅದು ಟಿಟಿಡಿಐ. ಪಾರ್ಕು ಸುಮಾರು 25 ಎಕರೆ. 2017ರ ಜುಲೈನಲ್ಲಿ ನಗರ ಪಾಲಿಕೆ, ಅಂದರೆ ಡಿಬಿಕೆಎಲ್, ಇದರ ಸುಮಾರು 12 ಎಕರೆಯಲ್ಲಿ 8 ಟವರ್ ಕಟ್ಟಲು ಅನುಮತಿ ಕೊಟ್ಟಿತು. ಒಂದೊಂದೂ 42ರಿಂದ 54 ಮಹಡಿ. ಜೊತೆಗೆ 29 ಮಹಡಿಯ ಇನ್ನೊಂದು ಕಟ್ಟಡ, ಅದರಲ್ಲಿ ಕಡಿಮೆ ಬೆಲೆಯ 350 ಮನೆ. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು.

ನಿಜ ಹೇಳುತ್ತೇನೆ, ಮೊದಲು ನನ್ನ ಮನಸ್ಸು ಆ ನಿವಾಸಿಗಳ ಕಡೆ ಇರಲಿಲ್ಲ. ಬೆಳಿಗ್ಗೆ ನಾಯಿ ಹಿಡಿದುಕೊಂಡು ಬರುವವರು, ಮನೆಯಲ್ಲಿ ಎರಡೆರಡು ಕಾರು ಇರುವವರು. ಇವರ ವಾಕಿಂಗಿಗೋಸ್ಕರ ಬಡವರ ಮನೆ ನಿಲ್ಲಬೇಕಾ ಅನ್ನಿಸಿತ್ತು. ಯಾಕೆಂದರೆ ಆ ಕಡಿಮೆ ಬೆಲೆಯ ಕಟ್ಟಡದಲ್ಲಿ ಪಾರ್ಕಿನ ಮಗ್ಗುಲ ಲೈನ್ ಮನೆಯವರಿಗೆ ಮನೆ ಸಿಗಬೇಕಿತ್ತು. ಸುಮಾರು 100 ಕುಟುಂಬ, ಹೆಚ್ಚಿನವರು ತಮಿಳರು. ಹಿಂದೆ ಇಡೀ ಬುಕಿತ್ ಕಿಯಾರಾ ಗುಡ್ಡ ರಬ್ಬರ್ ಎಸ್ಟೇಟ್ ಆಗಿತ್ತು, ಇವರೆಲ್ಲ ಅಲ್ಲಿನ ಕೂಲಿಗಳು. ಸರ್ಕಾರ ಎಸ್ಟೇಟ್ ವಶಪಡಿಸಿಕೊಂಡ ಮೇಲೆ, 1980ರ ದಶಕದಲ್ಲಿ, "ಸದ್ಯಕ್ಕೆ ಇಲ್ಲಿರಿ, ಪಕ್ಕಾ ಮನೆ ಆಮೇಲೆ" ಅಂತ ಈ ಸಾಲು ಮನೆಗಳಿಗೆ ಕಳುಹಿಸಿದರು. ಆ ಗುಡ್ಡದಲ್ಲಿ ಆಮೇಲೆ ಗಾಲ್ಫ್ ಮೈದಾನ ಬಂತು, ಕುದುರೆ ಸವಾರಿ ಕ್ಲಬ್ ಬಂತು. ಕುದುರೆಗೆ ಲಾಯ ಬೇಗ ಸಿಕ್ಕಿತು.

ನನ್ನ ಊರು ಸುಳ್ಯ. ನಮ್ಮಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ, ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರು ಅಲ್ಲಿ ಟ್ಯಾಪಿಂಗ್ ಮಾಡುತ್ತಾರೆ. ಅವರ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ್ದರಿಂದ ನನಗೆ ಅರೆಬರೆ ತಮಿಳು ಬರುತ್ತದೆ. ಅದರ ಧೈರ್ಯದಲ್ಲೇ ಒಂದು ಭಾನುವಾರ ಆ ಸಾಲು ಮನೆಗಳ ಕಡೆ ಹೋಗಿದ್ದೆ. ತಗಡಿನ ಮಾಡು, ಬಾಗಿಲಲ್ಲಿ ರಂಗೋಲಿ, ಹಳೇ ಪೇಂಟ್ ಡಬ್ಬಿಯಲ್ಲಿ ಕರಿಬೇವು. ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದೆ. "ಪಾಲ್ ಮರ" ಅಂದರು. ಹಾಲಿನ ಮರ! ರಬ್ಬರಿಗೆ ಇಲ್ಲಿನ ತಮಿಳರು ಹೇಳುವುದು ಹಾಗೆ. ನನಗೆ ಗೊತ್ತಾಗಲಿಲ್ಲ ಅಂದುಕೊಂಡು ಕೈಯಲ್ಲಿದ್ದ ಚಾಕುವನ್ನೇ ಗಾಳಿಯಲ್ಲಿ ಓರೆಯಾಗಿ, ಮೇಲಿಂದ ಕೆಳಗೆ ಎಳೆದು ತೋರಿಸಿದರು. ನಮ್ಮ ಸುಳ್ಯದಲ್ಲೂ ಅದೇ ಓರೆ, ಅದೇ ಕೈ. ಬೆಳಗಿನ ಜಾವ ತಂಪು ಇರುವಾಗಲೇ ಹೋಗಬೇಕು, ಬಿಸಿಲು ಏರಿದರೆ ಹಾಲು ಇಳಿಯುವುದಿಲ್ಲ ಅಂದರು. ನನಗೆ ಇದು ಗೊತ್ತಿತ್ತು, ಆದರೂ ಸುಮ್ನೆ ಕೇಳಿಸಿಕೊಂಡೆ.

ಟವರ್ ವಿಷಯ ತೆಗೆದೆ. "ತಂಬಿ, ನಮಗೆ ಐವತ್ತು ಮಹಡಿ ಯಾಕೆ? ನಾವು ಕೇಳಿದ್ದು ಮನೆ" ಅಂದರು.

ಅಲ್ಲಿ ನನ್ನ ತಲೆ ತಿರುಗಿತು. ಟಿಟಿಡಿಐ ನಿವಾಸಿಗಳೂ ಮೊದಲಿಂದ ಹೇಳುತ್ತಿದ್ದದ್ದು ಅದನ್ನೇ ಮಾರಾಯ್ರೆ. ಲೈನ್ ಮನೆ ಇರುವ ಜಾಗದಲ್ಲೇ ಇವರಿಗೆ ಕಟ್ಟಿಕೊಡಿ, ನಮ್ಮ ತಕರಾರಿಲ್ಲ, ಪಾರ್ಕು ಮುಟ್ಟಬೇಡಿ ಅಂತ. ಹಾಗಾದರೆ 100 ಕುಟುಂಬಕ್ಕೆ ಮನೆ ಕೊಡಲು 8 ಐಷಾರಾಮಿ ಟವರ್ ಯಾಕೆ ಬೇಕಾಯಿತು? ಟವರ್ ಮಾರಿದ ದುಡ್ಡಿನಲ್ಲಿ ಬಡವರ ಮನೆ ಅನ್ನುವ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ಅಜ್ಜಿಯೇ ಗುರಾಣಿ. ಯಾರು ಪ್ರಶ್ನೆ ಕೇಳಿದರೂ ಅಜ್ಜಿಯನ್ನು ಮುಂದೆ ನಿಲ್ಲಿಸಿ "ನೀವು ಬಡವರ ವಿರೋಧಿ" ಅಂದರೆ ಮುಗಿಯಿತು. ನನ್ನಂಥವನೂ ಅದನ್ನೇ ನಂಬಿದ್ದೆನಲ್ಲ.

ಕೇಸು ಕೆಳಗಿನ ಕೋರ್ಟಿನಲ್ಲಿ 2018ರಲ್ಲಿ ಸೋತಿತು. 2021ರ ಜನವರಿಯಲ್ಲಿ ಮೇಲ್ಮನವಿ ಕೋರ್ಟು ಅನುಮತಿಯನ್ನು ರದ್ದು ಮಾಡಿತು. ಪಾಲಿಕೆ ಬಿಡಲಿಲ್ಲ, ಇನ್ನೂ ಮೇಲೆ ಹೋಯಿತು. ಕೊನೆಗೆ 2023ರ ಏಪ್ರಿಲ್ 18ರಂದು ಇಲ್ಲಿನ ಸರ್ವೋಚ್ಚ ಕೋರ್ಟು, ಫೆಡರಲ್ ಕೋರ್ಟ್, ನಿವಾಸಿಗಳ ಪರವಾಗಿ ಹೇಳಿತು. ತೀರ್ಪಿನ ತಿರುಳು ತುಂಬ ಸರಳ. ನಗರದ ಮಾಸ್ಟರ್ ಪ್ಲಾನಿನಲ್ಲಿ ಈ ಜಾಗವನ್ನು ಪಾರ್ಕು ಅಂತ ತೋರಿಸಿದ್ದೀರಿ. ಆ ಪ್ಲಾನು ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಅಲ್ಲ, ಅದಕ್ಕೆ ಕಾನೂನಿನ ಬಲವಿದೆ. ಅದನ್ನು ಮೀರುವುದಾದರೆ ಯಾಕೆ ಅಂತ ಕಾರಣ ಕೊಡಬೇಕು. ಇನ್ನೊಂದು ವಿಷಯವನ್ನೂ ಕೋರ್ಟು ಎತ್ತಿತು. ಜಾಗ ಹೋಗಿದ್ದು ಯಯಾಸನ್ ವಿಲಾಯಾ ಪರ್ಸೆಕುತುವಾನ್ ಅನ್ನುವ ಪ್ರತಿಷ್ಠಾನಕ್ಕೆ, ಆ ಪ್ರತಿಷ್ಠಾನದ ಮಂಡಳಿಯಲ್ಲಿ ಮೇಯರ್ ಕೂಡ ಇದ್ದರು. ಅರ್ಜಿ ಹಾಕುವ ಕಡೆಯೂ ತಾನೇ, ಅನುಮತಿ ಕೊಡುವ ಕಡೆಯೂ ತಾನೇ ಅಂದರೆ ಹೇಗೆ?

ಪ್ಲಾನಿನದೂ ಒಂದು ತಮಾಷೆ ಇದೆ. 2020ರ ನಗರ ಹೇಗಿರಬೇಕು ಅಂತ ಬಡಾವಣೆ ಮಟ್ಟದ ಪ್ಲಾನಿನ ಕರಡು ಬಂದದ್ದು 2008ರಲ್ಲಿ. ಅದು ಗೆಜೆಟ್ ಆದದ್ದು 2018ರಲ್ಲಿ! ನಡುವಿನ ಹತ್ತು ವರ್ಷ ಎಲ್ಲಿ ಏನು ಎದ್ದಿತು ಅಂತ ತಿಳಿಯಬೇಕಾದರೆ ಸುಮ್ನೆ ತಲೆ ಎತ್ತಿ ನೋಡಿದರೆ ಸಾಕು.

ಇಷ್ಟಕ್ಕೂ ಒಂದು ಪಾರ್ಕು ಉಳಿಸಿಕೊಳ್ಳಲು ಜನ ಆರು ವರ್ಷ ಯಾಕೆ ಕೋರ್ಟು ಸುತ್ತಬೇಕಾಯಿತು? ವಾರ್ಡ್ ಮೆಂಬರ್ ಮನೆ ಮುಂದೆ ಹೋಗಿ ಕೂರಬಹುದಿತ್ತಲ್ಲ? ವಾರ್ಡ್ ಮೆಂಬರ್ ಅನ್ನುವವರೇ ಇಲ್ಲಿಲ್ಲ. ಮಲೇಷ್ಯಾದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ 1965ರಲ್ಲಿ ನಿಂತಿತು. ಇಂಡೋನೇಷ್ಯಾ ಜೊತೆ ಘರ್ಷಣೆ ನಡೆಯುತ್ತಿದೆ, ಸದ್ಯಕ್ಕೆ ಬೇಡ ಅಂದರು. 1976ರ ಕಾನೂನು ಬಂದ ಮೇಲೆ ಆ "ಸದ್ಯಕ್ಕೆ" ಖಾಯಂ ಆಯಿತು. ಲೈನ್ ಮನೆಯವರಿಗೆ ಹೇಳಿದ "ಸದ್ಯಕ್ಕೆ" ಇದೆಯಲ್ಲ, ಅದೇ ಜಾತಿಯದು. ಮೇಯರನ್ನು ಇಲ್ಲಿ ದಾತುಕ್ ಬಂದರ್ ಅನ್ನುತ್ತಾರೆ. (ನಮ್ಮ ಮಂಗಳೂರಿನ ಬಂದರು, ಇವರ ಬಂದರ್, ಎರಡೂ ಒಂದೇ ಪಾರ್ಸಿ ಪದ. ನಮಗೆ ಹಡಗು ನಿಲ್ಲುವ ಜಾಗ, ಇವರಿಗೆ ಪಟ್ಟಣ.) ಅವರನ್ನು ನೇಮಿಸುವುದು ಮೇಲಿನವರು, ಆದ್ದರಿಂದ ಉತ್ತರ ಹೇಳುವುದೂ ಮೇಲಿನವರಿಗೇ. ಬೆಂಗಳೂರಿನವರು ನಗಬೇಡಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಕಳೆದದ್ದು ನೀವೇ.

ಹೊಣೆ ಯಾರದ್ದು ಅನ್ನುವ ಪ್ರಶ್ನೆ ಇಲ್ಲಿ ಬರೀ ಪಾರ್ಕಿಗೆ ಮುಗಿಯುವುದಿಲ್ಲ. 1993ರ ಡಿಸೆಂಬರ್ 11ರಂದು ಊರ ಅಂಚಿನ ಉಲು ಕ್ಲಾಂಗ್‌ನಲ್ಲಿ ಹೈಲ್ಯಾಂಡ್ ಟವರ್ಸ್‌ನ ಒಂದು ಬ್ಲಾಕ್ ಉರುಳಿ 48 ಜನ ಸತ್ತರು. ಹತ್ತು ದಿನದ ಮಳೆ, ಹಿಂದಿನ ಗುಡ್ಡ ಬೋಳು, ನೀರು ಹೋಗಲು ಸರಿಯಾದ ದಾರಿಯಿಲ್ಲ. ಪಕ್ಕದ ಎರಡು ಬ್ಲಾಕುಗಳ ನಿವಾಸಿಗಳು ಅಲ್ಲಿನ ಸ್ಥಳೀಯ ಸಂಸ್ಥೆಯ ಮೇಲೂ ಕೇಸು ಹಾಕಿದರು. 2006ರಲ್ಲಿ ಫೆಡರಲ್ ಕೋರ್ಟು, ಕಾನೂನೇ ಅದಕ್ಕೆ ರಕ್ಷಣೆ ಕೊಟ್ಟಿದೆ, ಹೊಣೆ ಹೊರಿಸಲು ಬರುವುದಿಲ್ಲ ಅಂತ ಹೇಳಿಬಿಟ್ಟಿತು. ಅದನ್ನು ಓದಿದ ಮೇಲೆ 2023ರ ತೀರ್ಪು ಯಾಕೆ ಅಷ್ಟು ದೊಡ್ಡದು ಅಂತ ನನಗೆ ಅರ್ಥವಾದದ್ದು.

ತೀರ್ಪು ಬಂದ ವಾರ ಟಿಟಿಡಿಐಯಲ್ಲಿ ಹಬ್ಬದ ವಾತಾವರಣ. ನಾನೂ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಒಂದು ತೇ ತಾರಿಕ್ ಚಹಾ ಜಾಸ್ತಿ ಕುಡಿದೆ. ಆಮೇಲೆ ಸಾಲು ಮನೆಗಳ ಕಡೆ ಹೋದರೆ ಅಜ್ಜಿ ಇದ್ದರು. ಹೊರಗೆ ಮಳೆ, ಒಳಗೆ ಟಿವಿಯ ಪಕ್ಕದಲ್ಲಿ ಒಂದು ಬಕೆಟ್, ಅದಕ್ಕೆ ಟಪ್ ಟಪ್ ಅಂತ ನೀರು. ಪಾರ್ಕು ಗೆದ್ದಿತಂತೆ ಅಮ್ಮಾ ಅಂದೆ. "ಒಳ್ಳೆದಾಯ್ತು" ಅಂದು ಬಕೆಟನ್ನು ಕಾಲಿನಿಂದ ಸ್ವಲ್ಪ ಈ ಕಡೆ ಸರಿಸಿದರು. "ನಮ್ಮದು ಯಾವ ಕೋರ್ಟಿನಲ್ಲಿದೆ ತಂಬಿ?"

ಮೊನ್ನೆ ನಮ್ಮ ಕಾಂಡೋ ಎದುರಿನ ಖಾಲಿ ಜಾಗದಲ್ಲೂ ಕಟ್ಟಡ ಯೋಜನೆಯ ಒಂದು ಬೋರ್ಡು ನಿಂತಿದೆ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆ. "ನಿಮಗೆ ಇಲ್ಲಿ ಓಟೇ ಇಲ್ಲ, ನಿಮಗ್ಯಾಕೆ" ಅಂತ ಒಬ್ಬರು ಕೇಳಿದರು. ಹೌದು, ನನಗಿಲ್ಲ. ಪಾಲಿಕೆಯ ವಿಷಯದಲ್ಲಿ ಅವರಿಗೂ ಇಲ್ಲ. ಶನಿವಾರ ಮೀಟಿಂಗ್ ಇದೆ, ಬೋರ್ಡಿನ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತಿದ್ದೇನೆ.