ಪಿಡಿಎಫ್ ಇದ್ರೆ ಕಳ್ಸಿ

ನಮ್ಮ ಓದುಗರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುವ ಮಾತು ಇದು. ಇ-ಪುಸ್ತಕ ಅಂದರೆ ಪಿಡಿಎಫ್ ಅಂತಲೇ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೇವೆ. ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಅಪ್ಪನ ಸ್ನೇಹಿತರಾದ ಮೇಷ್ಟ್ರೊಬ್ಬರು ಆತ್ಮಕಥೆ ಬರೆದು ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿದ್ದಾರೆ. ಪ್ರತಿ ಖಾಲಿಯಾಗಿತ್ತು, ಪಿಡಿಎಫ್ ಕಳಿಸಿದರು. ಮಂಡ್ಯದ ಮನೆ ಜಗಲಿ ಮೇಲೆ ಕೂತು ಅಪ್ಪ ಫೋನ್ ತೆರೆದರು. ಅಕ್ಷರ ಇರುವೆ ಸಾಲು. ಎರಡು ಬೆರಳಲ್ಲಿ ಹಿಗ್ಗಿಸಿದರೆ ಅರ್ಧ ಸಾಲು ಪರದೆಯಿಂದಾಚೆ. ಬಲಕ್ಕೆ ಎಳೆದು ಸಾಲು ಮುಗಿಸಿ ಎಡಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲು ಯಾವುದೆಂದೇ ತಪ್ಪಿಹೋಗುತ್ತಿತ್ತು.

"ಇದೇನ್ಲಾ ಮಗ, ನೇಗ್ಲು ಹೊಡ್ದಂಗೆ ಆ ಬದಕ್ಕೋಗಿ ಈ ಬದಕ್ಕೆ ಬರ್ಬೇಕಲ್ಲ" ಅಂದರು.

ತಪ್ಪು ಪಿಡಿಎಫ್‌ನದಲ್ಲ. 1993ರಲ್ಲಿ ಅಡೋಬಿ ಕಂಪನಿಯವರು ಅದನ್ನು ತಂದದ್ದೇ ಯಾವ ಕಂಪ್ಯೂಟರಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕೊಟ್ಟರೂ ಪುಟ ಒಂದಿಷ್ಟೂ ಅಲುಗಬಾರದು ಅಂತ. ಇ-ಪುಸ್ತಕದ ಇನ್ನೊಂದು ಬಗೆಯ ಕಡತ ಇಪಬ್ ಹಾಗಲ್ಲ. 2007ರಲ್ಲಿ ಬಂದ ಇದರೊಳಗೆ ಇರುವುದು ವೆಬ್ ಪುಟಗಳ ಗಂಟು. ಕಡತದ ಹೆಸರಿನ ಬಾಲದಲ್ಲಿರುವ ಇಪಬ್ ಅನ್ನುವುದನ್ನು ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಿ, ಅಧ್ಯಾಯಗಳು ಬೇರೆ ಬೇರೆಯಾಗಿ ಸಿಗುತ್ತವೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದು ಕೆಳಗಿಳಿಯುತ್ತದೆ, ಪುಟಗಳೂ ಹೆಚ್ಚುತ್ತವೆ.

ಸರಿ, ಇ-ಪುಸ್ತಕದ ರೂಪ ಬದಲಿಸುವ ಕ್ಯಾಲಿಬರ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತಲ್ಲ, ಅದಕ್ಕೆ ಪಿಡಿಎಫ್ ತುರುಕಿ ಇಪಬ್ ಮಾಡೋಣ ಅಂತ ಕೂತೆ. ಬಂದದ್ದು ಭೂತಭಾಷೆ! 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಹೊತ್ತ ಎ, ನಡುವೆ ಬ್ರಿಟಿಷರ ಪೌಂಡ್ ಗುರುತು. ಪುಸ್ತಕ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಲ್ಲಿತ್ತು. ಆ ಫಾಂಟು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಫಾಂಟ್ ಕಳಚಿತೋ, ಬಣ್ಣವೂ ಕಳಚಿತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೂ ನಮ್ಮ ಡಿಟಿಪಿ ಅಂಗಡಿಗಳು ಯೂನಿಕೋಡ್ ಅರಿಯದ ಹಳೇ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರನ್ನು ಇನ್ನೂ ಬಿಟ್ಟಿಲ್ಲ. ಸ್ಕ್ಯಾನ್ ಮಾಡಿದ ಪುಸ್ತಕವಾದರೆ ಈ ಭೂತಭಾಷೆಯೂ ಇಲ್ಲ, ಬರೀ ಫೋಟೋ.

ಕೊನೆಗೆ ಡಿಟಿಪಿಯವರಿಂದ ಮೂಲ ಕಡತ ತರಿಸಿ, ಯೂನಿಕೋಡಿಗೆ ಬದಲಿಸಿ, ಹಾರಿಹೋದ ಒತ್ತು ಅರ್ಕಾವೊತ್ತುಗಳನ್ನು ಹಿಡಿದು ತಂದು ಕೂರಿಸಿದೆ. ಮೂರು ರಾತ್ರಿ ಹೋಯಿತು, ಜೊತೆಗೆ ಮೈಸೂರು ರೈಲಲ್ಲಿ ಶ್ರೀರಂಗಪಟ್ಟಣ ದಾಟಿದ್ದೂ ತಿಳಿಯದ ಒಂದಷ್ಟು ಬೆಳಗುಗಳು.

ಅಮೆಜಾನಿನ ಇ-ಪುಸ್ತಕ ಓದುವ ಯಂತ್ರ ಕಿಂಡಲ್ ಇರುವವರು ಅದರ ಹಳೇ ಕಡತ ರೂಪವಾದ ಮೋಬಿ ಕೇಳುತ್ತೀರಿ. ಬೇಡ ಬಿಡಿ, ಅದರ ಕಾಲ ಮುಗಿಯಿತು. 2022ರಿಂದ ಅಮೆಜಾನೇ ಕಿಂಡಲ್‌ಗೆ ಕಳಿಸಲು ಇಪಬ್ ತಗೊಳ್ಳುತ್ತಿದೆ. (2016ರಲ್ಲಿ ಅವರ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಟ್ಟಿಗೆ ಬಂದಾಗ ಕನ್ನಡ ಹೊರಗಿತ್ತು. ಆ ಸಿಟ್ಟು ನನಗಿನ್ನೂ ಆರಿಲ್ಲ.)

ಹಾಗಂತ ಪಿಡಿಎಫ್ ಬಿಸಾಡಿ ಅನ್ನುತ್ತಿಲ್ಲ. ಹಳಗನ್ನಡ ಕಾವ್ಯ, ಕೆಳಗೆ ಪಾಠಾಂತರ, ಅಡಿಟಿಪ್ಪಣಿ ಇರುವಂಥದ್ದು ಪುಟ ಹೇಗಿತ್ತೋ ಹಾಗೇ ಬೇಕು. ನಕ್ಷೆ, ಶಾಸನದ ಚಿತ್ರಕ್ಕೂ ಅದೇ ಸರಿ. ಆದರೆ ಕಾದಂಬರಿ, ಕಥೆ, ಪ್ರಬಂಧಕ್ಕೆ ಪ್ರಕಾಶಕರು ಇಪಬ್ ಕೊಡಲೇಬೇಕು. ಯೂನಿಕೋಡಲ್ಲೇ ಟೈಪಿಸಿದರೆ ಅದಕ್ಕೆ ಹೆಚ್ಚು ಖರ್ಚೇನೂ ಇಲ್ಲ.

ಅಪ್ಪ ಈಗ ಬೆರಳುದ್ದದ ಅಕ್ಷರ ಇಟ್ಟುಕೊಂಡು ಓದುತ್ತಾರೆ. ಮೊನ್ನೆ ಮೇಷ್ಟ್ರು ಫೋನ್ ಮಾಡಿ, "112ನೇ ಪುಟದಲ್ಲಿ ನಿನ್ ಇಷ್ಯ ಬರ್ದಿದೀನಿ, ನೋಡ್ದಾ?" ಅಂದರು. ಅಪ್ಪ ಅಷ್ಟು ಹೊತ್ತಿಗೆ 130 ದಾಟಿದ್ದರು. ಹಿಂದಕ್ಕೆ ತಿರುವಿ ನೋಡಿ ಗೊಣಗಿದರು:

"ನನ್ ಫೋನಲ್ಲಿ 112ರಲ್ಲಿ ನೀನಿನ್ನೂ ಎಸ್ಸೆಲ್ಸಿನೇ ಪಾಸಾಗಿಲ್ವಲ್ಲಯ್ಯ!"